ಪಾತ್ರವಿಚಾರ

ಸಂಸ್ಕೃತದಲ್ಲಿ ‘ಪಾತ್ರ’ವೆಂಬ ಶಬ್ದಕ್ಕೆ ಹಲವು ಅರ್ಥಗಳಿರುವುವಾದರೂ ಪ್ರಕೃತಕ್ಕೆ ಬೇಕಾದುವು ಎರಡು. ನೀರನ್ನೋ ಅನ್ನವನ್ನೋ ಹಾಕಿಡುವ ಭಾಂಡವು ಒಂದು. ದಾನವನ್ನು ಸ್ವೀಕರಿಸುವುದಕ್ಕೆ ಯೋಗ್ಯನಾದ ಮನುಷ್ಯನು ಇನ್ನೊಂದು. ತೂತಿಲ್ಲದ ಪಾತ್ರೆಯಲ್ಲಿ ಹಾಕಿದ್ದು ನಿಲ್ಲುವುದು, ತೂತಿರುವುದರಲ್ಲಿ ಹಾಕಿದ್ದು ಹರಿದುಹೋಗುವುದು. ಎರಡನೆಯ ಅರ್ಥವು ಮೊದಲನೆಯದರಿಂದ ಹೀಗೆ ಹೊರಟಿತೆಂದು ಊಹಿಸುವುದು ಕಷ್ಟವಲ್ಲ. ನಮ್ಮ ಧರ್ಮಶಾಸ್ತ್ರಕಾರರು ದಾನಪ್ರಕರಣವನ್ನು ಬರೆಯುವಾಗ ದೇಶಕಾಲಗಳ ಮಾತನ್ನು ಬೇಗನೆ ಮುಗಿಸಿಯಾರು, ಪಾತ್ರದ ಮಾತಿಗೆ ಬಂದರೆಂದರೆ ಲೇಖನಿಯನ್ನು ಕೆಳಗಿಡುವುದೇ ಇಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಕೊಡಲಾಗದು, ಕೊಟ್ಟರೆ ಬರುವ ದೋಷವೇನು ಎಂದು ಪುಟಗಟ್ಟಲೆ ವಿಚಾರಮಾಡಿರುವರು. ಗೃಹಸ್ಥರೂ ಇದರಲ್ಲಿ ಹಿಂದೆ ಬಿದ್ದವರಲ್ಲ. ಬಾಗಿಲಿಗೆ ಬಂದವನ ಜೋಳಿಗೆಗೆ ಒಂದು ಹಿಡಿ ಅಕ್ಕಿಯನ್ನು ಹಾಕುವ ಮೊದಲು ‘ಕೈಕಾಲು ಗಟ್ಟಿಯಾಗಿವೆಯಲ್ಲ, ದುಡಿದು ತಿನ್ನಬಾರದೇ’ ಎಂದು ಕೇಳದ ಮನೆಗಳು ವಿರಳ. ಅಪಾತ್ರದಾನದ ಭಯವು ನಮಗೆ ಎಳಮೆಯಲ್ಲಿಯೇ ಆದ ಪಾಠ.

ಇಷ್ಟು ಹಳೆಯದಾದ ಈ ವಿಚಾರವನ್ನು ಮನುಷ್ಯರ ಕೈಯಿಂದ ತೆಗೆದು ಯಂತ್ರಕ್ಕೆ ಒಪ್ಪಿಸುವ ಪ್ರಯತ್ನವು ಈಗ ಲೋಕದಲ್ಲಿ ನಡೆಯುತ್ತಲಿದೆ. ಬಡವರಿಗೆ ಹಣವನ್ನು ಹಂಚುವ ಸಂಸ್ಥೆಗಳು, ರೋಗಿಗಳಿಗೆ ಸಹಾಯಮಾಡುವ ಸಂಘಗಳು, ವಿದ್ಯಾರ್ಥಿವೇತನವನ್ನು ಕೊಡುವ ನಿಧಿಗಳು ಇವೆಲ್ಲವೂ ಕೃತಕ ಬುದ್ಧಿಮತ್ತೆಯೆಂಬುದರ ನೆರವನ್ನು ಪಡೆಯಲಾರಂಭಿಸಿವೆ. ನಾನು ಈ ವಿಷಯವನ್ನು ಕೇವಲ ಕುತೂಹಲಕ್ಕಾಗಿ ಓದಹೊರಟವನಲ್ಲ. ನಾನು ಸದಸ್ಯನಾಗಿರುವ ಒಂದು ಸಣ್ಣ ವಿದ್ಯಾರ್ಥಿನಿಧಿಯ ಸಮಿತಿಯಲ್ಲಿ ಇದನ್ನು ಕುರಿತ ಸೂಚನೆಯೊಂದು ಬಂದಿತು. ಹೌದೆನ್ನುವುದಕ್ಕೂ ಅಲ್ಲವೆನ್ನುವುದಕ್ಕೂ ಮೊದಲು ತಿಳಿದುಕೊಳ್ಳುವುದು ಕರ್ತವ್ಯವೆನಿಸಿತು. ಆ ಸೂಚನೆಯ ಸಂಗತಿಯನ್ನು ಮುಂದೆ ಹೇಳುವೆನು.

ಮೊದಲು ಯಂತ್ರದ ವಿಷಯ. ಹೆಸರಿನಲ್ಲಿ ಬುದ್ಧಿಯೆಂಬ ಮಾತಿದೆಯೆಂದು ಬೆದರಬೇಕಾಗಿಲ್ಲ. ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದವನ ಕಣ್ಣಿಗೆ ಇದು ಅನುಮಾನಪ್ರಮಾಣದ ಒಂದು ದೊಡ್ಡ ಕಾರ್ಖಾನೆಯಾಗಿ ತೋರುವುದು. ಅಡಿಗೆಮನೆಯಲ್ಲಿ ಹೊಗೆಯಿದ್ದಾಗಲೆಲ್ಲ ಬೆಂಕಿಯಿದ್ದುದನ್ನು ಮತ್ತೆ ಮತ್ತೆ ಕಂಡವನು, ದೂರದ ಬೆಟ್ಟದಲ್ಲಿ ಹೊಗೆಯನ್ನು ಕಂಡು ಅಲ್ಲಿಯೂ ಬೆಂಕಿಯುಂಟೆಂದು ತಿಳಿಯುತ್ತಾನೆ. ಹೊಗೆಗೂ ಬೆಂಕಿಗೂ ಇರುವ ಈ ಸಾಹಚರ್ಯಕ್ಕೆ ವ್ಯಾಪ್ತಿಯೆಂದು ಹೆಸರು. ಯಂತ್ರವು ಮಾಡುವುದೂ ಇದನ್ನೇ. ಭೇದವೇನೆಂದರೆ ನಾವು ಹತ್ತು ಅಡಿಗೆಮನೆಗಳನ್ನು ನೋಡಿದರೆ ಅದು ಹತ್ತು ಲಕ್ಷವನ್ನು ನೋಡುವುದು, ಮತ್ತು ನಮ್ಮ ಗಮನಕ್ಕೆ ಬಾರದ ಸಣ್ಣ ಸಾಹಚರ್ಯಗಳನ್ನೂ ಹಿಡಿಯುವುದು. ಆದರೆ ತರ್ಕಶಾಸ್ತ್ರವು ಇಲ್ಲಿಗೆ ನಿಲ್ಲುವುದಿಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ ಬೆಂಕಿಯಿಂದ ಹೊಗೆಯನ್ನು ಊಹಿಸಬಹುದೇ ಎಂದು ಶಿಷ್ಯನನ್ನು ಕೇಳುವುದು. ಊಹಿಸಲಾಗದು. ಕಾಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿ ಸೌದೆಯು ಸೇರಿದಾಗ ಮಾತ್ರ ಬೆಂಕಿಯು ಹೊಗೆಯಾಡುವುದು. ಆ ಹಸಿ ಸೌದೆಗೆ ಉಪಾಧಿಯೆಂದು ಹೆಸರು. ಎರಡು ವಸ್ತುಗಳು ಜೊತೆಯಲ್ಲಿ ಕಂಡುಬಂದ ಮಾತ್ರಕ್ಕೆ ತೃಪ್ತನಾಗದೆ, ಇವುಗಳ ನಡುವೆ ನನ್ನ ಕಣ್ಣಿಗೆ ಬೀಳದ ಉಪಾಧಿಯೊಂದು ಅಡಗಿದೆಯೇ ಎಂದು ಹುಡುಕುವವನೇ ತಾರ್ಕಿಕ. ಯಂತ್ರಕ್ಕೆ ಸಾಹಚರ್ಯವು ಗೊತ್ತು. ಹಸಿ ಸೌದೆಯನ್ನು ಹುಡುಕಬೇಕೆಂಬ ಸಂಶಯವು ಅದಕ್ಕೆ ತಾನಾಗಿ ಹುಟ್ಟುವುದಿಲ್ಲ.

ಈ ಮಾತು ಶುಷ್ಕತರ್ಕವೆಂದು ಯಾರಾದರೂ ಹೇಳಿಯಾರು. ಆದುದರಿಂದ ಒಂದು ನಿಜವಾದ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ನನಗೆ ತಿಳಿದಮಟ್ಟಿಗೆ ಈ ವಿಷಯದಲ್ಲಿ ಇಷ್ಟು ಪ್ರಾಮಾಣಿಕವಾಗಿ ನಡೆದ, ಇಷ್ಟು ಪ್ರಾಮಾಣಿಕವಾಗಿ ವರದಿಯಾದ ಪ್ರಯೋಗಗಳು ಕಡಮೆ.

ಪಶ್ಚಿಮ ಆಫ್ರಿಕದಲ್ಲಿ ಘಾನಾ ಮತ್ತು ಬೆನಿನ್ ದೇಶಗಳ ನಡುವೆ ಟೋಗೋ ಎಂಬ ಸಣ್ಣ ದೇಶವಿದೆ. 2020ರಲ್ಲಿ ಕೋವಿಡ್ ಮಹಾಮಾರಿಯು ಬಂದು ಸಂತೆಪೇಟೆಗಳು ಮುಚ್ಚಿದಾಗ, ದಿನಗೂಲಿಯವರಿಗೆ ಅಂದಿನ ಅನ್ನವೇ ಇಲ್ಲದಾಯಿತು. ಏಪ್ರಿಲ್ ತಿಂಗಳಲ್ಲಿ ಅಲ್ಲಿಯ ಸರಕಾರವು ‘ನೋವಿಸ್ಸಿ’ ಎಂಬ ಧನಸಹಾಯದ ಯೋಜನೆಯನ್ನು ಆರಂಭಿಸಿತು. ಏವೆ ಭಾಷೆಯ ಆ ಶಬ್ದಕ್ಕೆ ಒಬ್ಬರಿಗೊಬ್ಬರು ಆಗಿಬರುವುದು ಎಂಬ ಅರ್ಥವಂತೆ. ಬೇಕಾದವರು ಫೋನಿನಲ್ಲಿ ಒಂದು ಸಂಖ್ಯೆಯನ್ನು ಒತ್ತಿ ಹೆಸರನ್ನು ನಮೂದಿಸಬೇಕು. ಅರ್ಹರಾದವರಿಗೆ ಫೋನಿನ ಖಾತೆಗೇ ಹಣವು ಬರುವುದು. ಹೆಂಗಸರಿಗೆ ಗಂಡಸರಿಗಿಂತ ತುಸು ಹೆಚ್ಚು. ಆದರೆ ಅರ್ಹರು ಯಾರು? ಆ ದೇಶದ ಹಿಂದಿನ ಜನಗಣತಿಯು ನಡೆದುದು 2010ರಲ್ಲಿ. ನಮ್ಮಲ್ಲಿರುವಂತೆ ಪಡಿತರ ಚೀಟಿಯ ದಫ್ತರವು ಅಲ್ಲಿ ಇರಲಿಲ್ಲ. ಮನೆಮನೆಗೆ ಹೋಗಿ ವಿಚಾರಿಸೋಣವೆಂದರೆ ಹೋದವರೇ ರೋಗವನ್ನು ಹೊತ್ತುಕೊಂಡು ಹೋದಾರೆಂಬ ಭಯ. ಮೊದಮೊದಲು ಮತದಾರರ ದಫ್ತರದಲ್ಲಿ ಬರೆದಿದ್ದ ವೃತ್ತಿಯನ್ನು ನೋಡಿ ಹಣವನ್ನು ಕೊಟ್ಟರು. ಗ್ರಾಮಾಂತರದ ಕಡುಬಡವರಿಗೆ ಮುಟ್ಟಿಸುವುದಕ್ಕೆ ಅದು ಸಾಲದಾಯಿತು.

ಆಗ ‘ಗಿವ್ ಡೈರೆಕ್ಟ್ಲಿ’ ಎಂಬ ದಾನಸಂಸ್ಥೆಯೂ, ಜೋಶುವಾ ಬ್ಲೂಮೆನ್‌ಸ್ಟಾಕ್ ಮೊದಲಾದ ವಿದ್ವಾಂಸರೂ ಸರಕಾರದೊಡನೆ ಕೂಡಿ ಹೊಸದೊಂದು ಮಾರ್ಗವನ್ನು ಹಿಡಿದರು. ಉಪಗ್ರಹಗಳಿಂದ ತೆಗೆದ ಚಿತ್ರಗಳನ್ನು ಯಂತ್ರಕ್ಕೆ ತೋರಿಸಿ, ಅತ್ಯಂತ ಬಡತನವಿರುವ 100 ಹೋಬಳಿಗಳನ್ನು ಗುರುತಿಸಿದರು. ಅಲ್ಲಿಯ ಹೆಸರು ‘ಕಾಂಟನ್’, ನಮಗೆ ತಿಳಿಯಲೆಂದು ಹೋಬಳಿ ಎಂದಿದ್ದೇನೆ. ಆ ಹೋಬಳಿಗಳೊಳಗೆ ವ್ಯಕ್ತಿಗಳನ್ನು ಆರಿಸುವುದಕ್ಕೆ ಅವರವರ ಫೋನಿನ ಬಳಕೆಯ ಕ್ರಮವನ್ನು ನೋಡಿದರು. ಆಡಿದ ಮಾತನ್ನಲ್ಲ; ಎಷ್ಟು ಸಲ ಕರೆದರು, ಯಾವಾಗ ಕರೆದರು, ಪರದೇಶಕ್ಕೆ ಕರೆದರೇ, ಖಾತೆಗೆ ಎಷ್ಟು ಹಣವನ್ನು ತುಂಬಿದರು ಎಂಬಂತಹ ಲೆಕ್ಕವನ್ನು. ಮೊದಲು ಸಾವಿರಾರು ಮಂದಿಯನ್ನು ಫೋನಿನಲ್ಲಿಯೇ ಕೇಳಿ ಅವರ ಜೀವನಸ್ಥಿತಿಯನ್ನು ತಿಳಿದುಕೊಂಡು, ಇಂತಹ ಸ್ಥಿತಿಯವರ ಫೋನಿನ ಬಳಕೆಯು ಇಂತಹುದು ಎಂಬ ವ್ಯಾಪ್ತಿಯನ್ನು ಯಂತ್ರಕ್ಕೆ ಕಲಿಸಿದರು. ಬಳಿಕ ದಿನಕ್ಕೆ 1.25 ಡಾಲರಿಗಿಂತ ಕಡಮೆಯಲ್ಲಿ ಜೀವಿಸುವರೆಂದು ಯಂತ್ರವು ಊಹಿಸಿದವರಿಗೆ ಹಣವನ್ನು ಕಳುಹಿಸಿದರು.

ಇದರ ಫಲವನ್ನು 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದಾಗ ಎರಡು ಮಾತುಗಳನ್ನು ಒಟ್ಟಿಗೆ ಹೇಳಿದರು. ಸರಕಾರದ ಮುಂದೆ ಆಗ ಇದ್ದ, ಊರನ್ನು ನೋಡಿ ಕೊಡುವ ಕ್ರಮಗಳಿಗಿಂತ ಯಂತ್ರದ ಕ್ರಮದಲ್ಲಿ ಬಡವರನ್ನು ಕೈಬಿಡುವ ತಪ್ಪುಗಳು ಶೇಕಡಾ 4ರಿಂದ 21ರಷ್ಟು ಕಡಮೆಯಾದುವು, ಇದು ಒಂದು. ಮನೆಮನೆಯನ್ನೂ ವಿಚಾರಿಸಿ ಬರೆದ ಪೂರ್ಣ ದಫ್ತರವೊಂದು ಇದ್ದಿದ್ದರೆ, ಅದರೊಡನೆ ಹೋಲಿಸಿದಾಗ ಯಂತ್ರದ ಕ್ರಮದಲ್ಲಿ ಅಂತಹ ತಪ್ಪುಗಳು ಶೇಕಡಾ 9ರಿಂದ 35ರಷ್ಟು ಹೆಚ್ಚಾಗುತ್ತಿದ್ದುವು, ಇದು ಎರಡನೆಯದು. ಮೊದಲನೆಯ ಮಾತನ್ನು ಎಲ್ಲರೂ ಉದ್ಧರಿಸುವರು. ಎರಡನೆಯದನ್ನು ಮಾಡಿದವರೇ ತಾವಾಗಿ ಬರೆದಿಟ್ಟರೆಂಬುದನ್ನು ನಾನು ಬಹುವಾಗಿ ಮೆಚ್ಚಿದೆನು. ಸ್ವಂತ ಸರಕಿನ ಕೊರತೆಯನ್ನು ಹೇಳಿ ಮಾರುವ ವರ್ತಕನನ್ನು ನಾನು ಹೆಚ್ಚಾಗಿ ಕಂಡವನಲ್ಲ.

ತರ್ಕದಲ್ಲಿ ಲಕ್ಷಣಕ್ಕೆ ಬರುವ ದೋಷಗಳನ್ನು ಹೇಳುವಾಗ ಹಸುವಿನ ದೃಷ್ಟಾಂತವನ್ನು ಕೊಡುವರು. ಕೊಂಬಿರುವುದೇ ಹಸು ಎಂದರೆ ಎಮ್ಮೆಯೂ ಹಸುವಾಗಿಬಿಡುವುದು, ಇದು ಅತಿವ್ಯಾಪ್ತಿ. ಕಪಿಲವರ್ಣವಿರುವುದೇ ಹಸು ಎಂದರೆ ಬಿಳಿಯ ಹಸುವು ಹೊರಗೆ ನಿಲ್ಲುವುದು, ಇದು ಅವ್ಯಾಪ್ತಿ. ಬಡವನ ಲಕ್ಷಣವನ್ನು ಯಾರು ಹೇಳಿದರೂ, ಮನುಷ್ಯನೇ ಹೇಳಲಿ, ಯಂತ್ರವೇ ಹೇಳಲಿ, ಈ ಎರಡು ದೋಷಗಳಲ್ಲಿ ಒಂದಾದರೂ ತಪ್ಪಿದ್ದಲ್ಲ. ಶಾಸ್ತ್ರದ ತಕ್ಕಡಿಯಲ್ಲಿ ಇವೆರಡೂ ಸಮತೂಕದವು. ದಾನದ ತಕ್ಕಡಿಯಲ್ಲಿ ಹಾಗಲ್ಲ. ಅತಿವ್ಯಾಪ್ತಿಯಾದರೆ ಬೇಡದವನಿಗೆ ನಾಲ್ಕು ಕಾಸು ಹೋಯಿತು, ನಷ್ಟವು ನಿಧಿಗೆ. ಅವ್ಯಾಪ್ತಿಯಾದರೆ ಹಸಿದವನು ಹಸಿದೇ ಮಲಗಿದನು, ನಷ್ಟವು ಅವನಿಗೆ. ಇನ್ನೂ ಒಂದು ಭೇದವುಂಟು. ತಪ್ಪಾಗಿ ಪಡೆದವನ ಹೆಸರು ಪುಸ್ತಕದಲ್ಲಿರುವುದು, ನೆರೆಹೊರೆಯವರು ದೂರುವರು, ಲೆಕ್ಕಪರಿಶೋಧಕನು ಕೆಂಪು ಶಾಯಿಯಲ್ಲಿ ಗುರುತುಮಾಡುವನು. ತಪ್ಪಾಗಿ ಹೊರಗುಳಿದವನು ಯಾವ ಪುಸ್ತಕದಲ್ಲಿಯೂ ಇಲ್ಲ. ನಾವೆಲ್ಲ ಬಾಲ್ಯದಿಂದ ಅಪಾತ್ರದಾನಕ್ಕೆ ಹೆದರಿದೆವೇ ಹೊರತು ಪಾತ್ರನ ತಿರಸ್ಕಾರಕ್ಕೆ ಅಷ್ಟು ಹೆದರಲಿಲ್ಲ. ಯಂತ್ರವನ್ನು ಕಟ್ಟುವವರೂ ನಮ್ಮಂತಹ ಮನುಷ್ಯರಾದುದರಿಂದ ಅದೇ ಭಯವನ್ನು ಅದಕ್ಕೂ ಕಲಿಸಿಯಾರು.

ಟೋಗೋವಿನಲ್ಲಿ ಫೋನಿಲ್ಲದವನ ಗತಿಯೇನು? ಹೆಂಡತಿಯೂ ಗಂಡನೂ ಒಂದೇ ಫೋನನ್ನು ಬಳಸುವ ಮನೆಯಲ್ಲಿ ಯಂತ್ರವು ಅಳೆದುದು ಯಾರ ಬಡತನವನ್ನು? ಈ ಪ್ರಶ್ನೆಗಳು ಆ ಪ್ರಯೋಗವನ್ನು ಮಾಡಿದವರಿಗೂ ಹೊಳೆಯದೆ ಇರಲಿಲ್ಲ. ಆದರೂ ಆ ಕಾಲದಲ್ಲಿ ಬೇರೆ ದಾರಿಯಿರಲಿಲ್ಲ. ಯಂತ್ರವನ್ನು ಬಿಟ್ಟಿದ್ದರೆ ಇನ್ನೂ ಹೆಚ್ಚು ಬಡವರು ಹೊರಗುಳಿಯುತ್ತಿದ್ದರು. ನಮ್ಮ ಶಾಸ್ತ್ರಗಳಲ್ಲಿ ಆಪದ್ಧರ್ಮವೆಂದು ಒಂದು ವಿಭಾಗವುಂಟು. ಬರಗಾಲದಲ್ಲಿ, ಪ್ರಾಣಸಂಕಟದಲ್ಲಿ ಹೇಗೆ ನಡೆದುಕೊಳ್ಳಬಹುದೆಂಬ ವಿಧಿಗಳು ಅವು. ಟೋಗೋವಿನಲ್ಲಿ ನಡೆದುದು ಆಪದ್ಧರ್ಮ. ಅದನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ. ಆದರೆ ಆಪತ್ತು ಕಳೆದಮೇಲೆಯೂ ಅದೇ ನಿತ್ಯಧರ್ಮವಾಗಿ ಉಳಿಯುವುದುಂಟು. ಸುಲಭವೆಂಬ ಒಂದೇ ಕಾರಣದಿಂದ. ಶಂಕೆಯು ಅಲ್ಲಿ.

ಯಂತ್ರವು ಯಾರನ್ನೂ ಹೊರಗಿಡದೆ ಉಪಕಾರ ಮಾಡಿದ ಸಂದರ್ಭವೂ ಉಂಟು. ಅದು ನಮ್ಮ ದೇಶದ್ದೇ. ಡಾ. ಅಪರ್ಣಾ ಹೆಗ್ಡೆಯವರು 2008ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ‘ಆರ್ಮನ್’ ಎಂಬ ಸಂಸ್ಥೆಯು ಬಸುರಿಯರಿಗೂ ಬಾಣಂತಿಯರಿಗೂ ಫೋನಿನ ಮೂಲಕ ಆರೋಗ್ಯದ ಮಾತುಗಳನ್ನು ಉಚಿತವಾಗಿ ಕೇಳಿಸುತ್ತದೆ. ಕೆಲವು ತಿಂಗಳು ಕೇಳಿದ ಬಳಿಕ ಎಷ್ಟೋ ಮಂದಿ ತಾಯಂದಿರು ಕೇಳುವುದನ್ನು ಬಿಟ್ಟುಬಿಡುವರು. ಕಾರ್ಯಕರ್ತೆಯರು ಅವರನ್ನು ಕರೆದು ಮಾತನಾಡಿಸಿದರೆ ಮತ್ತೆ ಕೇಳಿಯಾರು. ಆದರೆ ಕಾರ್ಯಕರ್ತೆಯರು ಕೆಲವರೇ, ತಾಯಂದಿರು ಲಕ್ಷಗಟ್ಟಲೆ. ಯಾರನ್ನು ಮೊದಲು ಕರೆಯಬೇಕು? ಗೂಗಲ್ ಸಂಸ್ಥೆಯ ಭಾರತೀಯ ಸಂಶೋಧನಾಲಯದವರು ಇದಕ್ಕೊಂದು ಯಂತ್ರಕ್ರಮವನ್ನು ಮಾಡಿಕೊಟ್ಟರು. ಸುಮಾರು 23,000 ತಾಯಂದಿರಲ್ಲಿ ನಡೆಯಿಸಿದ ಪರೀಕ್ಷೆಯಲ್ಲಿ, ಆ ಕ್ರಮದಂತೆ ಕರೆದಾಗ ಕೇಳುವುದನ್ನು ಬಿಡುವ ಪ್ರಮಾಣವು ಶೇಕಡಾ 30ರಷ್ಟು ಇಳಿಯಿತೆಂದು ವರದಿಯಾಗಿದೆ. ಇಲ್ಲಿ ಯಂತ್ರವು ತಾಯಿಯೊಡನೆ ಮಾತನಾಡಲಿಲ್ಲ, ನಿನಗಿಲ್ಲವೆಂದು ಯಾರಿಗೂ ಹೇಳಲಿಲ್ಲ. ‘ಈಕೆಯು ದೂರವಾಗುತ್ತಿರುವಂತಿದೆ, ಒಮ್ಮೆ ವಿಚಾರಿಸು’ ಎಂದು ಕಾರ್ಯಕರ್ತೆಗೆ ಸೂಚಿಸಿತು. ಮುಂದಿನ ಮಾತನ್ನು ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿನೊಡನೆ ಆಡಿದಳು.

ಇದಕ್ಕೆ ತೀರ ವಿರುದ್ಧವಾದುದು ಅಮೆರಿಕದಲ್ಲಿ ನಡೆಯಿತು. ಊಟವನ್ನು ತೊರೆದು ಮೈಯನ್ನು ಒಣಗಿಸಿಕೊಳ್ಳುವ ಒಂದು ಬಗೆಯ ಮನೋವ್ಯಾಧಿಯುಂಟಷ್ಟೆ. ಅಂತಹವರಿಗೆ ನೆರವಾಗುವ ‘ನ್ಯಾಷನಲ್ ಈಟಿಂಗ್ ಡಿಸಾರ್ಡರ್ಸ್ ಅಸೋಸಿಯೇಷನ್’ ಎಂಬ ಸಂಸ್ಥೆಯು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಸಹಾಯವಾಣಿಯೊಂದನ್ನು ನಡೆಯಿಸಿತ್ತು. 2023ರಲ್ಲಿ ಆ ಸಹಾಯವಾಣಿಯನ್ನು ಮುಚ್ಚುವುದಾಗಿ ಸಾರಿ, ‘ಟೆಸ್ಸಾ’ ಎಂಬ ಮಾತಾಡುವ ಯಂತ್ರದ ಕಡೆಗೆ ಜನರನ್ನು ಕಳುಹಿಸತೊಡಗಿತು. ಮೇ ತಿಂಗಳ ಕೊನೆಯೊಳಗೆ ಆ ಯಂತ್ರವನ್ನೂ ತೆಗೆದುಹಾಕಬೇಕಾಯಿತು. ತೂಕವನ್ನು ಇಳಿಸುವ ಬಗೆಯನ್ನೂ, ತಿನ್ನುವುದನ್ನು ಲೆಕ್ಕವಿಟ್ಟು ಕಡಮೆಮಾಡುವ ಬಗೆಯನ್ನೂ ಅದು ಆ ವ್ಯಾಧಿಯವರಿಗೇ ಉಪದೇಶಿಸಿತ್ತು! ಆರೋಗ್ಯವಂತನಾದ ಸ್ಥೂಲಕಾಯನಿಗೆ ಅದು ಪಥ್ಯವಾಗಿದ್ದೀತು. ಕೇಳುತ್ತಿರುವವರು ಯಾರೆಂಬ ಉಪಾಧಿಯೊಂದನ್ನು ಬಿಟ್ಟು ಉಳಿದುದೆಲ್ಲವೂ ಅದಕ್ಕೆ ತಿಳಿದಿತ್ತು.

‘ಪಾತ್ರ’ ಶಬ್ದಕ್ಕೆ ನಾಟಕದವರು ಹೇಳುವ ಮೂರನೆಯ ಅರ್ಥವೂ ಇದೆ. ಅದಕ್ಕೂ ಈಗ ಅವಕಾಶವಾಗಿದೆ. ಕೊಲಂಬಿಯಾ ದೇಶದಲ್ಲಿ 2021ರಲ್ಲಿ ನಡೆದ ಪ್ರತಿಭಟನೆಗಳ ವಿಷಯವಾಗಿ ಆಮ್ನೆಸ್ಟಿ ಸಂಸ್ಥೆಯು 2023ರಲ್ಲಿ ಯಂತ್ರವು ರಚಿಸಿದ ಚಿತ್ರಗಳನ್ನು ಪ್ರಕಟಿಸಿ, ಆಕ್ಷೇಪಣೆಗಳು ಬಂದಮೇಲೆ ಹಿಂತೆಗೆದುಕೊಂಡಿತು. ಪ್ರತಿಭಟಿಸಿದವರ ಗುರುತು ಸಿಕ್ಕಬಾರದೆಂಬುದು ಅವರ ಉದ್ದೇಶ, ಉದ್ದೇಶವು ಒಳ್ಳೆಯದೇ. ಆದರೆ ಇಲ್ಲದ ಮನುಷ್ಯನ ಕಣ್ಣೀರನ್ನು ಬರೆದು ತೋರಿಸಿದ ಬಳಿಕ ಇದ್ದ ಮನುಷ್ಯನ ಕಣ್ಣೀರನ್ನು ನಂಬುವವರಾರು?

ಇನ್ನು ನಮ್ಮ ವಿದ್ಯಾರ್ಥಿನಿಧಿಯ ಸಂಗತಿ. ಊರಿನ ಕೆಲವು ಗೃಹಸ್ಥರು ತಂದೆತಾಯಿಗಳ ಹೆಸರಿನಲ್ಲಿ ಇಟ್ಟ ಮೂಲಧನದ ಬಡ್ಡಿಯಿಂದ ವರ್ಷಕ್ಕೆ ನಲವತ್ತು ಮಕ್ಕಳಿಗೆ ಶುಲ್ಕವನ್ನೂ ಪುಸ್ತಕಗಳನ್ನೂ ಕೊಡುವುದು ಅದರ ಕೆಲಸ. ಬರುವ ಅರ್ಜಿಗಳು ಮುನ್ನೂರಕ್ಕೆ ಕಡಮೆಯಿಲ್ಲ. ಓದುವವರಾದ ನಾವು ಐವರಲ್ಲಿ ಮೂವರಿಗೆ ಕಣ್ಣು ಮಂದ. ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿದ್ದು, ಊರಿನ ಮೇಲಣ ಅಭಿಮಾನದಿಂದ ರಜಾ ದಿನಗಳಲ್ಲಿ ಬಂದು ದುಡಿಯುವ ಕಿರಿಯ ಸದಸ್ಯರೊಬ್ಬರು, ಅರ್ಜಿಗಳನ್ನೆಲ್ಲ ಯಂತ್ರಕ್ಕೆ ಓದಿಸಿ ತಾರತಮ್ಯದ ಪಟ್ಟಿಯನ್ನು ಮಾಡಿಸಿದರೆ ಮೂರು ವಾರದ ಕೆಲಸವು ಒಂದು ಮಧ್ಯಾಹ್ನದಲ್ಲಿ ಮುಗಿಯುವುದೆಂದು ಸೂಚಿಸಿದರು. ನಾನು ಅನುಮಾನಿಸುತ್ತಿರುವುದನ್ನು ಕಂಡು, ‘ಮೇಷ್ಟ್ರೇ, ಕೋಪಿಸಿಕೊಳ್ಳಬೇಡಿ. ನಮ್ಮ ಸಭೆಗಳಲ್ಲಿ ಶಿಫಾರಸು ನಡೆಯುವುದಿಲ್ಲವೇ? ಯಂತ್ರಕ್ಕೆ ಸೋದರಮಾವನೂ ಇಲ್ಲ, ಅಳಿಯನೂ ಇಲ್ಲ’ ಎಂದರು.

ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ದಾನಸಭೆಗಳಲ್ಲಿ ಜಾತಿಯೂ ನಂಟಸ್ತಿಕೆಯೂ ದೊಡ್ಡವರ ಚೀಟಿಯೂ ಮಾಡಿರುವ ಅನ್ಯಾಯವನ್ನು ಬಲ್ಲವರು ಮನುಷ್ಯನ ಹೃದಯವನ್ನು ಹೊಗಳಿ ಯಂತ್ರವನ್ನು ಜರೆಯಲಾರರು. ಆದರೆ ನಾನು ಹೇಳಿದೆನು: ‘ಸ್ವಾಮಿ, ಅದಕ್ಕೆ ಸ್ವಂತ ಸೋದರಮಾವನಿಲ್ಲದಿರಬಹುದು. ನಮ್ಮ ಮೂವತ್ತು ವರ್ಷದ ಕಡತಗಳನ್ನು ಓದಿಸಿ, ಇಂತಹವರಿಗೆ ಕೊಟ್ಟಿದ್ದೇವೆ, ಹೀಗೆಯೇ ಆರಿಸು ಎಂದು ಕಲಿಸಿದರೆ ನಮ್ಮ ಸೋದರಮಾವಂದಿರನ್ನೆಲ್ಲ ಅದು ತನ್ನವರನ್ನಾಗಿ ಮಾಡಿಕೊಳ್ಳುವುದು. ಆಮೇಲೆ ಅವರನ್ನು ಹಿಡಿದು ಕೇಳುವುದಕ್ಕೂ ಆಗುವುದಿಲ್ಲ.’ ಅವರು ನಕ್ಕು, ಹಾಗಾದರೆ ಪರೀಕ್ಷಿಸಿಯೇ ನೋಡೋಣವೆಂದರು. ನ್ಯಾಯವಾದ ಮಾತು. ಹಿಂದಿನ ವರ್ಷದ ಇಪ್ಪತ್ತು ಅರ್ಜಿಗಳನ್ನು, ಹೆಸರು ವಿಳಾಸಗಳನ್ನು ಅಳಿಸಿ, ಯಂತ್ರಕ್ಕೆ ಕೊಟ್ಟೆವು. ಅವರ ಮನೆಗಳ ಸ್ಥಿತಿಯನ್ನೆಲ್ಲ ನಾವು ಹೋಗಿ ಕಂಡಿದ್ದೆವಾದುದರಿಂದ ಫಲವನ್ನು ತೂಗುವುದು ಸಾಧ್ಯವಾಗಿತ್ತು.

ಹೆಚ್ಚಿನವುಗಳಲ್ಲಿ ಯಂತ್ರದ ಅಭಿಪ್ರಾಯವೂ ನಮ್ಮದೂ ಒಂದೇ ಆಗಿದ್ದುವು, ಅದನ್ನು ಮುಚ್ಚಿಡಲಾರೆನು. ವಿಧವೆಯ ಮಗಳೊಬ್ಬಳ ಅರ್ಜಿಯಲ್ಲಿ ಆದಾಯದ ಅಂಕಿಯು ಎರಡು ಕಡೆ ಬೇರೆ ಬೇರೆಯಾಗಿದ್ದುದನ್ನು ನಾವು ಯಾರೂ ಕಂಡಿರಲಿಲ್ಲ, ಅದು ಕಂಡಿತು. ಆದರೆ ಪಟ್ಟಿಯ ಮೊದಲ ಮೂರು ಸ್ಥಾನಗಳನ್ನು ಪಡೆದ ಅರ್ಜಿಗಳು ಮೂರೂ ಒಂದೇ ಅಚ್ಚಿನಲ್ಲಿ ಎರಕಹೊಯ್ದಂತಿದ್ದುವು. ದಾರಿದ್ರ್ಯದ ವರ್ಣನೆ, ವಿದ್ಯೆಯ ಹಂಬಲ, ಸಮಾಜಕ್ಕೆ ಮರಳಿ ಸೇವೆಮಾಡುವ ಸಂಕಲ್ಪ. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಹತ್ತನೆಯ ತರಗತಿಯ ಮಕ್ಕಳು ಹಾಗೆ ಬರೆಯುವುದಿಲ್ಲವೆಂಬುದನ್ನು ಮೂವತ್ತು ವರ್ಷ ಅವರ ಪ್ರಬಂಧಗಳನ್ನು ತಿದ್ದಿದವನಿಗೆ ಹೇಳಿಕೊಡಬೇಕಾಗಿಲ್ಲ. ಯಂತ್ರವು ಬರೆದುಕೊಟ್ಟುದನ್ನು ಯಂತ್ರವೇ ಮೆಚ್ಚಿಕೊಂಡಿತ್ತು. ಕೊನೆಯಿಂದ ಎರಡನೆಯ ಸ್ಥಾನದಲ್ಲಿದ್ದ ಅರ್ಜಿಯಲ್ಲಿ ಮೂರೇ ವಾಕ್ಯಗಳು: ‘ಅಪ್ಪ ಗಾರೆ ಕೆಲಸ. ಈಗ ಮಲಗಿದ್ದಾರೆ. ಪುಸ್ತಕ ಬೇಕು.’ ಯಂತ್ರವು ಅದರ ಸಾರಾಂಶವನ್ನು ಬರೆಯುತ್ತ, ‘ತಂದೆಯು ಕಟ್ಟಡದ ಕೆಲಸದವನು, ಸದ್ಯಕ್ಕೆ ನಿದ್ರಿಸುತ್ತಿದ್ದಾನೆ, ಕಷ್ಟದ ವಿವರವಿಲ್ಲ’ ಎಂದಿತ್ತು.

ಕಿರಿಯ ಸದಸ್ಯರು ಅದನ್ನು ಎರಡು ಸಲ ಓದಿದರು. ಸಾರುವೆಯಿಂದ ಬಿದ್ದು ಸೊಂಟ ಮುರಿದು ಎಂಟು ತಿಂಗಳಿಂದ ಹಾಸಿಗೆ ಹಿಡಿದಿದ್ದ ಆ ಗಾರೆಯವನ ಮನೆಗೆ ಹಿಂದಿನ ವರ್ಷ ಹೋಗಿದ್ದವರು ಅವರೇ.

ಭಾಷೆಯ ಈ ಕೊರತೆಯು ಮುಂದೆ ತುಂಬಿಯೀತು. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆಯು ನಮ್ಮ ಹಳ್ಳಿಗಳವರಿಂದ ಕನ್ನಡವನ್ನು ಓದಿಸಿ, ಧ್ವನಿಯನ್ನು ಮುದ್ರಿಸಿಕೊಂಡು, ಅದಕ್ಕೆ ಒಳ್ಳೆಯ ಕೂಲಿಯನ್ನೂ ಕೊಟ್ಟು, ಯಂತ್ರಗಳಿಗೆ ನಮ್ಮ ನುಡಿಯನ್ನು ಕಲಿಸುವ ಸಾಮಗ್ರಿಯನ್ನು ಸಿದ್ಧಪಡಿಸುತ್ತಿದೆ, ಸಂತೋಷದ ವಿಷಯ. ಆದುದರಿಂದ ‘ಮಲಗಿದ್ದಾರೆ’ ಎಂಬುದರ ಅರ್ಥವು ಯಂತ್ರಕ್ಕೆ ತಿಳಿಯಲಿಲ್ಲವೆಂಬುದನ್ನೇ ನಾನು ದೊಡ್ಡ ಆಕ್ಷೇಪಣೆಯಾಗಿ ಹೇಳುವುದಿಲ್ಲ. ನನ್ನ ಆಕ್ಷೇಪಣೆಯು ಬೇರೆ. ಆ ಪಟ್ಟಿಯಂತೆ ನಾವು ನಡೆದಿದ್ದರೆ ಆ ಹುಡುಗನಿಗೆ ‘ಇಲ್ಲ’ವೆಂಬ ಒಂದು ಸಾಲಿನ ಸಂದೇಶವು ಫೋನಿಗೆ ಬರುತ್ತಿತ್ತು. ಏಕೆ ಇಲ್ಲವೆಂದು ಅವನು ಯಾರನ್ನು ಕೇಳಬೇಕು? ನಮ್ಮನ್ನು ಕೇಳಿದರೆ ಯಂತ್ರವು ಹೇಳಿತೆಂದು ನಾವು ಹೇಳುತ್ತಿದ್ದೆವು. ಯಂತ್ರವನ್ನು ಕೇಳುವುದಕ್ಕೆ ಅದರ ಮನೆಯ ಜಗಲಿಯು ಎಲ್ಲಿದೆ? ಕೊಡುವೆನೆಂಬ ಮಾತನ್ನು ಯಾರ ಬಾಯಿಂದ ಹೇಳಿಸಿದರೂ ಪಡೆಯುವವನಿಗೆ ಕೊರತೆಯಿಲ್ಲ. ಕೊಡುವುದಿಲ್ಲವೆಂಬ ಮಾತಿಗೆ ಮಾತ್ರ ಒಂದು ಮುಖವಿರಬೇಕು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯು ದಾನದ ವಿಷಯವನ್ನು ಹೇಳುವಾಗ ಶ್ರದ್ಧೆಯೊಡನೆ ಲಜ್ಜೆಯನ್ನೂ ಭಯವನ್ನೂ ಹೇಳಿರುವುದನ್ನು ಓದುಗರು ಬಲ್ಲರು. ಕೊಡುವವನಿಗೆ ಭಯವೇಕೆಂದು ಪಾಠಶಾಲೆಯಲ್ಲಿ ನಮಗೆ ಅರ್ಥವಾಗುತ್ತಿರಲಿಲ್ಲ. ಇಂತಹ ಪಟ್ಟಿಯೊಂದು ಕೈಗೆ ಬಂದಾಗ ಅರ್ಥವಾಗುವುದು. ಯಂತ್ರಕ್ಕೆ ಲಜ್ಜೆಯಿಲ್ಲ, ಭಯವಿಲ್ಲ. ಅದು ಅದರ ದೋಷವಲ್ಲ. ಆ ಎರಡನ್ನೂ ನಮ್ಮಿಂದ ಇಳಿಸಿ ಅದರ ತಲೆಗೆ ಹೊರಿಸುವೆವೆಂದರೆ ಅಲ್ಲಿ ದೋಷವು.

ಅರ್ಜಿದಾರರ ಗುಟ್ಟಿನ ವಿಷಯವನ್ನೂ ಒಂದು ಮಾತಿನಲ್ಲಿ ಹೇಳಬೇಕು. ಆತ್ಮಹತ್ಯೆಯ ಅಂಚಿನಲ್ಲಿರುವವರೊಡನೆ ಸಂದೇಶಗಳ ಮೂಲಕ ಮಾತನಾಡುವ ‘ಕ್ರೈಸಿಸ್ ಟೆಕ್ಸ್ಟ್ ಲೈನ್’ ಎಂಬ ಅಮೆರಿಕದ ಸಂಸ್ಥೆಯು, ಆ ಸಂಭಾಷಣೆಗಳ ಸಾಮಗ್ರಿಯನ್ನು, ಹೆಸರುಗಳನ್ನು ತೆಗೆದೇ ಆದರೂ, ತನ್ನಿಂದಲೇ ಹುಟ್ಟಿದ ವ್ಯಾಪಾರಿ ಕಂಪನಿಯೊಂದಿಗೆ ಹಂಚಿಕೊಂಡಿದ್ದ ಸಂಗತಿಯು 2022ರ ಆರಂಭದಲ್ಲಿ ಬಯಲಿಗೆ ಬಂದು, ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು. ನಮ್ಮಲ್ಲಿಯೂ 2023ರಲ್ಲಿ ವೈಯಕ್ತಿಕ ಮಾಹಿತಿಯ ಸಂರಕ್ಷಣೆಗಾಗಿ ಶಾಸನವಾಗಿದೆ. ಶಾಸನದ ಮಾತು ಹಾಗಿರಲಿ; ತಂದೆಯ 
ಕುಡಿತವನ್ನೋ ತಾಯಿಯ ರೋಗವನ್ನೋ ಒಂದು ಮಗುವು ನಮ್ಮನ್ನು ನಂಬಿ ಬರೆದಿರುವಾಗ, ಆ ಕಾಗದವನ್ನು ಕಂಡ ಕಂಡ ಯಂತ್ರದ ಬಾಯಿಗೆ ಹಾಕುವುದು ವಿಶ್ವಾಸಕ್ಕೆ ತಕ್ಕುದಲ್ಲ.

ಸಮಿತಿಯು ಯಂತ್ರವನ್ನು ಬಿಡಲಿಲ್ಲ. ಬಿಡಬೇಕೆಂದು ನಾನೂ ವಾದಿಸಲಿಲ್ಲ. ಅರ್ಜಿಗಳಲ್ಲಿ ಯಾವ ದಾಖಲೆಯು ಇಲ್ಲ, ಯಾವ ಅಂಕಿಯು ಹೊಂದುವುದಿಲ್ಲವೆಂಬುದನ್ನು, ಹೆಸರುಗಳನ್ನು ತೆಗೆದು, ಅದರಿಂದ ತಿಳಿದುಕೊಳ್ಳುತ್ತೇವೆ. ಇನ್ನೊಂದು ಕೆಲಸವನ್ನು ಕಿರಿಯ ಸದಸ್ಯರೇ ಕಂಡುಹಿಡಿದರು. ನನಗೆ ಬಹಳ ಹಿಡಿಸಿತು. ತಾಲ್ಲೂಕಿನ ಶಾಲೆಗಳ ಪಟ್ಟಿಯನ್ನೂ ಹತ್ತು ವರ್ಷದ ನಮ್ಮ ಅರ್ಜಿಗಳನ್ನೂ ಯಂತ್ರದಿಂದ ಹೋಲಿಸಿ, ಒಂದು ಅರ್ಜಿಯೂ ಬಾರದ ಶಾಲೆಗಳು ಯಾವುವೆಂದು ಕೇಳಿದರು. ಹನ್ನೊಂದು ಶಾಲೆಗಳ ಹೆಸರು ಬಂದಿತು. ಎಲ್ಲವೂ ಬಸ್ಸಿನ ಹಾದಿಯಿಂದ ಒಳಗಿರುವ ಊರುಗಳು. ನಾಲ್ಕು ಶಾಲೆಗಳಿಗೆ ನಾವು ಹೋಗಿಬಂದೆವು, ಉಳಿದುವಕ್ಕೆ ಮಳೆಗಾಲವು ಕಳೆದಮೇಲೆ ಹೋಗಬೇಕು. ಬೇಡಲು ಬಾರದ ಪಾತ್ರನನ್ನು ಹುಡುಕಿಕೊಂಡು ಹೋಗುವುದಕ್ಕೆ ಈ ಯಂತ್ರವು ಇಷ್ಟು ಒದಗೀತೆಂದು ನಾನು ಎಣಿಸಿರಲಿಲ್ಲ.

‘ಇಲ್ಲ’ವೆಂಬ ಕಾಗದಗಳನ್ನು ಮಾತ್ರ ಸದಸ್ಯರೇ ಹಂಚಿಕೊಂಡು ಬರೆಯುತ್ತಾರೆ. ಕಾರಣವನ್ನು ಒಂದೆರಡು ವಾಕ್ಯಗಳಲ್ಲಿ ಹೇಳಿ, ಕೆಳಗೆ ಬರೆದವರ ಹೆಸರನ್ನೂ ಮನೆಯ ಗುರುತನ್ನೂ ಹಾಕಿ, ಸಂದೇಹವಿದ್ದರೆ ಭಾನುವಾರ ಬೆಳಗ್ಗೆ ಬಂದು ಕೇಳಬಹುದೆಂದು ಬರೆಯುವುದು ಕ್ರಮ. ನನ್ನ ಪಾಲಿಗೆ ಐವತ್ತೆರಡು ಬಂದುವು; ಬರೆದು ಮುಗಿಸುವುದಕ್ಕೆ ಹದಿನೈದು ದಿನ ಹಿಡಿಯಿತು. ಈ ವರ್ಷ ಕೇಳುವುದಕ್ಕೆ ನಮ್ಮ ಮನೆಗೆ ಬಂದವರು ನಾಲ್ವರು. ಒಬ್ಬಳು, ಅರ್ಜಿ ಹಾಕಿದ ಮೇಲೆ ತಂದೆಯ ಅಂಗಡಿಯು ಮುಚ್ಚಿದ ಸಂಗತಿಯನ್ನು ತಿಳಿಸಿದಳು. ಅವಳ ಹೆಸರು ಪಟ್ಟಿಗೆ ಸೇರಿತು. ಇಬ್ಬರು ಕಾರಣವನ್ನು ಕೇಳಿ, ನಮ್ಮ ಮನೆಯಾಕೆಯು ಕೊಟ್ಟ ಮಜ್ಜಿಗೆಯನ್ನು ಕುಡಿದು, ಸಮಾಧಾನದಿಂದಲೋ ದಾಕ್ಷಿಣ್ಯದಿಂದಲೋ ಹೊರಟುಹೋದರು. ನಾಲ್ಕನೆಯವನು ಮಜ್ಜಿಗೆಯನ್ನೂ ಮುಟ್ಟಲಿಲ್ಲ, ಕಾರಣವನ್ನೂ ಒಪ್ಪಲಿಲ್ಲ. ಮುಂದಿನ ಭಾನುವಾರ ತಾಯಿಯನ್ನು ಕರೆದುಕೊಂಡು ಬರುವೆನೆಂದು ಹೇಳಿ ಹೋಗಿದ್ದಾನೆ.